ನೆಲಮಾಳಿಗೆಯ ಹಸಿರು

ದಿನಾ ಹನ್ನೆರಡು ಗಂಟೆಗೆ ಸರಿಯಾಗಿ ಮೆಟ್ಟಿಲ ತುದಿಯಲ್ಲಿ ಊರುಗೋಲು ಎರಡು ಸಲ ಕುಟ್ಟುತ್ತಿತ್ತು. ಆಮೇಲೆ ಪ್ರೊಫೆಸರ್ ಬ್ರುಪ್ಪಾಕರರ ದನಿ ಇಪ್ಪತ್ತಮೂರು ಮೆಟ್ಟಿಲು ಇಳಿದು, ಮುಚ್ಚಿದ ಬಾಗಿಲು ದಾಟಿ ಒಳಗೆ ಬರುತ್ತಿತ್ತು.

"ಯಾವ ಬಣ್ಣ?"

ಉತ್ತರ ಹೇಳುವ ಹಕ್ಕು ರೆಗೂಲಾಳಿಗೆ ಇರಲಿಲ್ಲ. ಬಾಗಿಲ ಬಳಿ ಮುಕ್ಕಾಲಿ ಹಾಕಿಕೊಂಡು ಕೂತಿರುತ್ತಿದ್ದ ಅಸಿಸ್ಟೆಂಟ್ ಕಾಸ್ಪರ್ ಎಗ್ಲಿ ಎದ್ದು ಬಂದು, ಅವಳ ಮುಂದಿನ ಪಿಂಗಾಣಿ ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಬಾಗಿಲ ಕಡೆ ತಿರುಗಿ ಕೂಗುತ್ತಿದ್ದ.

"ಹಸಿರು, ಹೆರ್ ಪ್ರೊಫೆಸರ್."

ಊರುಗೋಲಿನ ಸದ್ದು ದೂರವಾಗುತ್ತಿತ್ತು. ಹೀಗೆ ಎಂಟು ದಿನ ನಡೆದಿತ್ತು.

ರೆಗೂಲಾ ಟ್ಸೋಲಿಂಗರ್‌ಗೆ ಇಪ್ಪತ್ತೇಳು ವರ್ಷ. ಸರೋವರದ ದಂಡೆಯ ಟಾಲ್ವಿಲ್‌ನಲ್ಲಿ ಅವಳ ಅಪ್ಪ ರೇಷ್ಮೆಗೆ ಬಣ್ಣ ಹಾಕುವವನು. ಬಣ್ಣದ ತೊಟ್ಟಿಗಳ ನಡುವೆ ಬೆಳೆದವಳಿಗೆ ಯಾವ ಬಣ್ಣ ಕಂಡರೂ ಇದು ಯಾಕೆ ಹೀಗೆ ಎಂದು ಕೇಳದೆ ಇರಲಾಗುತ್ತಿರಲಿಲ್ಲ. ಹಾಗೆ ಕೇಳುತ್ತ ಕೇಳುತ್ತ ಜ್ಯೂರಿಕ್‌ನ ಈ ನೆಲಮಾಳಿಗೆಗೆ ಬಂದು ಸೇರಿದ್ದಳು. ಇದ್ದದ್ದು ಒಂದೇ ಕಿಟಕಿ. ಅದೂ ಬೀದಿಯ ಮಟ್ಟದಲ್ಲಿ, ಕಬ್ಬಿಣದ ಸರಳು ಹಾಕಿ, ವರ್ಷವರ್ಷವೂ ಬಳಿದ ಬಣ್ಣಕ್ಕೆ ಅಂಟಿಕೊಂಡು ತೆರೆಯಲು ಬಾರದಂತಾಗಿತ್ತು. ಅದರಲ್ಲಿ ಕಾಣುವುದು ಜನರ ಬೂಟು, ಹೆಂಗಸರ ಲಂಗದ ಅಂಚು, ನಾಯಿಗಳ ಮುಖ. ಮೂರು ವರ್ಷದಲ್ಲಿ ಆ ಬೀದಿಯ ಅರ್ಧ ಜನರನ್ನು ಅವಳು ಬೂಟಿನಿಂದಲೇ ಗುರುತಿಸಬಲ್ಲವಳಾಗಿದ್ದಳು.

ಅವಳು ಹಿಂದೆ ಬಿದ್ದಿದ್ದ ಕೋಬಾಲ್ಟ್ ಒಂಟಿಯಾಗಿ ಇರಲಾರದ ಲೋಹ. ತಾನು ನಡುವೆ ಕೂತು ಸುತ್ತ ಆರು ಜನರನ್ನು ಕೂರಿಸಿಕೊಂಡರೇ ಅದಕ್ಕೆ ನೆಮ್ಮದಿ: ಮೇಲೊಬ್ಬ, ಕೆಳಗೊಬ್ಬ, ನಾಲ್ಕು ದಿಕ್ಕಿಗೆ ನಾಲ್ವರು. ಆ ಆರರಲ್ಲಿ ಇಬ್ಬರು ಕ್ಲೋರಿನ್ ಆಗಿದ್ದರೆ ಅವರು ಎದುರುಬದುರು ಕೂರಬಹುದು, ಇಲ್ಲವೇ ಅಕ್ಕಪಕ್ಕ ಕೂರಬಹುದು. ಎದುರುಬದುರು ಕೂತರೆ ಉಪ್ಪಿನ ಬಣ್ಣ ಹಸಿರು, ಅಕ್ಕಪಕ್ಕ ಕೂತರೆ ನೇರಳೆ. ಜನ ಅವರೇ, ಕೂತ ಜಾಗ ಬೇರೆ, ಅಷ್ಟಕ್ಕೇ ಬಣ್ಣ ಬೇರೆ. ಪ್ರೊಫೆಸರ್ ಬ್ರುಪ್ಪಾಕರ್ ಹದಿನೈದು ವರ್ಷ ಹಟ ಹಿಡಿದು ಸಾಧಿಸಲು ಹೊರಟಿದ್ದು ಈ ಆರು ಕುರ್ಚಿಗಳ ಮಾತನ್ನೇ. ಎಷ್ಟೋ ಉಪ್ಪುಗಳಲ್ಲಿ ಎರಡೂ ಬಣ್ಣ ಸಿಕ್ಕಿದ್ದವು. ರೆಗೂಲಾಳ ಪಾಲಿಗೆ ಬಂದ ಉಪ್ಪಿನಲ್ಲಿ ಮಾತ್ರ ಹಸಿರಷ್ಟೇ ಗೊತ್ತಿತ್ತು. ಅದನ್ನೂ ಮಾಡಿದವರು ದೂರದ ಗೋಥೆನ್‌ಬರ್ಗ್‌ನ ಪ್ರೊಫೆಸರ್ ಸುಂಡೀನ್. ನೇರಳೆ ಎಂಬುದು ಇಲ್ಲವೇ ಇಲ್ಲ, ಇಲ್ಲದ್ದನ್ನು ಇದೆ ಎನ್ನುವ ಸಿದ್ಧಾಂತ ಕಸದ ಬುಟ್ಟಿಗೆ ಹೋಗಲಿ ಎಂದು ಅವರು ಪತ್ರಿಕೆಗಳಲ್ಲಿ ಬರೆಯುತ್ತಲೇ ಇದ್ದರು.

ಏಪ್ರಿಲ್‌ನಲ್ಲಿ ಆ ನೇರಳೆ ಅವಳಿಗೆ ಸಿಕ್ಕಿತ್ತು. ಸೆಕ್ಸೆಲಾಯ್ಟೆನ್ ಹಬ್ಬದ ಸೋಮವಾರ. ಹತ್ತಿ ತುಂಬಿದ ಚಳಿಗಾಲದ ಬೊಂಬೆಯನ್ನು ಸುಡುವುದನ್ನು ನೋಡಲು ಊರಿಗೆ ಊರೇ ಸರೋವರದ ಬಳಿ ನೆರೆದಿತ್ತು. ಎಗ್ಲಿ ತನ್ನ ಕಸುಬುದಾರರ ಸಂಘದ ವೇಷ ತೊಟ್ಟು ಮೆರವಣಿಗೆಯಲ್ಲಿದ್ದ. ಪ್ರೊಫೆಸರ್ ಬರ್ಲಿನ್‌ನಲ್ಲಿ ಉಪನ್ಯಾಸ ಕೊಡುತ್ತಿದ್ದರು. ಸಂಜೆ ಆರಕ್ಕೆ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡಾಗ ರೆಗೂಲಾ ಒಬ್ಬಳೇ ಈ ಕೋಣೆಯಲ್ಲಿ ಬಟ್ಟಲಿನ ಮೇಲೆ ಬಗ್ಗಿದ್ದಳು. ತಳದಲ್ಲಿ ಸೂಜಿ ಸೂಜಿಯಾದ ನೇರಳೆ ಹರಳು, ಒಟ್ಟು ಮೂರು ಗ್ರಾಂ. ಅವಳು ಕುರ್ಚಿಯ ಮೇಲೆ ಕೂತು ಗಟ್ಟಿಯಾಗಿ ನಕ್ಕಿದ್ದಳು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ, ಈಗ ನೆನೆದರೆ ಅದೇ ದೊಡ್ಡ ತಪ್ಪಾಗಿತ್ತು.

ಪ್ರೊಫೆಸರರ ಪ್ರಯೋಗಶಾಲೆಯ ಶಾಸನವೊಂದಿತ್ತು: ಯಾವ ವಿಶ್ಲೇಷಣೆಯನ್ನೂ ಮೂರು ಸಲ ಮಾಡಬೇಕು. ಕೋಬಾಲ್ಟ್ ಮೂರು ಸಲ, ಕ್ಲೋರಿನ್ ಮೂರು ಸಲ, ಸಾರಜನಕ ಮೂರು ಸಲ. ಅವರು ಬರ್ಲಿನ್‌ನಿಂದ ತಂತಿ ಕಳಿಸಿದ್ದೂ ಅದನ್ನೇ. ಹೇಳಿದ ಮಾತು ಮೀರದ ಹುಡುಗಿ ಸುಟ್ಟು, ಕರಗಿಸಿ, ತೂಗಿ ಮೂರು ಗ್ರಾಮನ್ನೂ ಮುಗಿಸಿದಳು. ಮತ್ತೆ ಮಾಡಿಕೊಂಡರಾಯಿತು, ಅದೇನು ಮಹಾ ಎಂದುಕೊಂಡಳು. ಪ್ರೊಫೆಸರ್ ವಾಪಸ್ ಬಂದಾಗ ಅವರ ಕೈಗೆ ಸಿಕ್ಕಿದ್ದು ನೋಟ್‌ಬುಕ್ಕು, ಅಂಕಿಗಳು. ಅಂಕಿಗಳು ಎಷ್ಟು ಚೆನ್ನಾಗಿದ್ದವೆಂದರೆ ಅವರು ಆವತ್ತೇ ಕೂತು ಪ್ರಬಂಧ ಬರೆದು ಅಚ್ಚಿಗೆ ಕಳಿಸಿಬಿಟ್ಟರು.

ಮೇ ತಿಂಗಳಲ್ಲಿ ಎರಡೂ ಬಣ್ಣಗಳನ್ನು ಪಕ್ಕಪಕ್ಕ ಇಟ್ಟು ತೋರಿಸೋಣವೆಂದು ಅವಳು ಸುಂಡೀನರ ವಿಧಾನದಲ್ಲಿ ಹಸಿರನ್ನೂ ಮಾಡಿದಳು. ಇಪ್ಪತ್ತು ಗ್ರಾಂ ಹಸಿರು. ವಿಶ್ಲೇಷಣೆಗೆಂದು ಇದೇ ಮೇಜಿನ ಮೇಲೆ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿದಳು. ಅದಾದಮೇಲೆ ನೇರಳೆ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಜೂನ್, ಜುಲೈ, ಸೆಪ್ಟೆಂಬರ್. ಐವತ್ತೆರಡು ಸಲ ಮಾಡಿದಳು, ಐವತ್ತೆರಡು ಸಲವೂ ಹಸಿರು. ಅಷ್ಟರಲ್ಲಿ ಸುಂಡೀನರ ಪತ್ರ ಬಂತು. ತಾವೂ ಪ್ರಬಂಧದಲ್ಲಿ ಹೇಳಿದಂತೆಯೇ ಮಾಡಿದೆವು, ಹಸಿರು ಬಿಟ್ಟು ಬೇರೆ ಬರಲಿಲ್ಲ, ದಯವಿಟ್ಟು ಒಂದು ಚಿಟಿಕೆ ನೇರಳೆ ಕಳಿಸಿಕೊಡಿ ಎಂದಿತ್ತು. ಒಂದು ಚಿಟಿಕೆ ಎಲ್ಲಿಂದ ತರುವುದು?

ಬರುವ ಶುಕ್ರವಾರ ರಸಾಯನ ಸಂಘದ ಸಭೆ. ನೇರಳೆ ಸಿಗದಿದ್ದರೆ ಅಲ್ಲಿ ಪ್ರೊಫೆಸರ್ ಎದ್ದು ನಿಂತು ಪ್ರಬಂಧ ಹಿಂದಕ್ಕೆ ಪಡೆಯಬೇಕು, ಯಾರ ಮಾತು ನಂಬಿ ಕೆಟ್ಟೆ ಎಂಬುದನ್ನೂ ಹೇಳಬೇಕು. ಆ ಹೆಸರು ಅಚ್ಚಾದ ಮೇಲೆ ಯೂರೋಪಿನ ಯಾವ ಪ್ರಯೋಗಶಾಲೆಯೂ ಅವಳಿಗೆ ಬಾಗಿಲು ತೆಗೆಯುವುದಿಲ್ಲ. ಗಂಡಸಾಗಿದ್ದರೆ ಅಜಾಗರೂಕ ಎನ್ನಿಸಿಕೊಂಡು ಎಲ್ಲಾದರೂ ಸಕ್ಕರೆ ಕಾರ್ಖಾನೆ ಸೇರಿಕೊಳ್ಳಬಹುದಿತ್ತು. ಹೆಂಗಸಿಗೆ ಸುಳ್ಳಿ ಎನ್ನುವ ಹೆಸರೊಂದೇ ಉಳಿಯುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಈ ಬೀಗ. ಕೊನೆಯದಾಗಿ ಹತ್ತು ದಿನ, ಸಾಕ್ಷಿಯ ಎದುರಿಗೆ ಮಾಡಿ ತೋರಿಸಲಿ ಎಂದರು ಪ್ರೊಫೆಸರ್. ಬೆಳಿಗ್ಗೆ ಎಗ್ಲಿ ಅವಳ ಚೀಲ ನೋಡಿ, ಜೇಬು ತಡಕಿ, ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಕೋಟಿನ ಜೇಬಿಗೆ ಇಳಿಸುತ್ತಿದ್ದ. ಹೊರಗಿನದೊಂದೂ ಒಳಗೆ ಬರುವಂತಿಲ್ಲ. ಅವಳದೇ ಬೀಕರು, ಅವಳದೇ ಗಾಜಿನ ಕಡ್ಡಿ, ಅವಳದೇ ಏಪ್ರನ್ನು.

"ಇನ್ನು ಎರಡೇ ದಿನ, ಫ್ರಾಯ್ಲೈನ್ ಟ್ಸೋಲಿಂಗರ್," ಎಂದ ಎಗ್ಲಿ. ಅಂದು ಬುಧವಾರ, ಒಂಬತ್ತನೆಯ ದಿನ. "ಬೇಜಾರು ಮಾಡ್ಕೋಬೇಡಿ. ಹಸಿರೂ ಒಳ್ಳೇ ಬಣ್ಣನೇ. ನಿಮ್ಮ ತಂದೆ ಅದ್ರಲ್ಲಿ ಎಷ್ಟು ರಿಬ್ಬನ್ ಮಾಡಬಹುದು."

"ನೀವು ಆವತ್ತು ಮೆರವಣಿಗೇಲಿ ಕುಣೀದೆ ಇಲ್ಲಿ ಇದ್ದಿದ್ರೆ ನನಗೆ ಈ ಗತಿ ಬರ್ತಿರ್ಲಿಲ್ಲ."

"ನಾನು ಕುಣೀಲಿಲ್ಲ. ಧ್ವಜ ಹಿಡಿದಿದ್ದೆ."

"ಸರಿ, ಧ್ವಜ ಹಿಡ್ಕೊಂಡು ಕುಣಿದಿರಿ."

ಎಗ್ಲಿ ಮುಖ ದಪ್ಪ ಮಾಡಿಕೊಂಡು ಪತ್ರಿಕೆ ಬಿಡಿಸಿದ. ಕೆಟ್ಟವನೇನಲ್ಲ. ಆದರೆ ಇನ್ನೊಬ್ಬರನ್ನು ಕಾಯುವ ಕೆಲಸ ಕೊಟ್ಟರೆ ಎಂಥ ಮನುಷ್ಯನಿಗೂ ಎರಡು ಅಂಗುಲ ಎತ್ತರವಾದ ಹಾಗೆ ಅನ್ನಿಸುತ್ತದೆ.

ಒಂಬತ್ತು ಗಂಟೆಗೆ ಕಟ್ಟಡ ನೋಡಿಕೊಳ್ಳುವ ಮುದುಕ ಹೈರಿ ಬೆಳಗಿನ ತಿಂಡಿಯ ತಟ್ಟೆ ತಂದ. ಬ್ರೆಡ್ಡು, ಗಿಣ್ಣು, ಎರಡು ಜಾಡಿ ಜೇನು. ಒಂದು ಹಳೆಯದು, ತುಪ್ಪದಂತೆ ಹರಳುಗಟ್ಟಿ ಗಟ್ಟಿಯಾದದ್ದು. ಇನ್ನೊಂದು ಟೊಗೆನ್‌ಬುರ್ಗ್‌ನಲ್ಲಿರುವ ಅವನ ಅಣ್ಣ ಮೊನ್ನೆ ಕಳಿಸಿದ್ದು, ತಿಳಿಯಾಗಿ ಹೊಂಬಣ್ಣವಾಗಿತ್ತು. ಎಗ್ಲಿ ತಟ್ಟೆಯನ್ನು ಮೇಲೆ ಕೆಳಗೆ ನೋಡಿ ಒಳಗೆ ಬಿಟ್ಟ.

"ತಿನ್ನಮ್ಮ," ಎಂದ ಹೈರಿ. "ಮುಖ ನೋಡು ಹೆಂಗಾಗಿದೆ, ಸೋಸೋ ಕಾಗದದ ಥರ."

ಹಸಿವಿರಲಿಲ್ಲ. ಆದರೂ ಮುದುಕನ ಮನಸ್ಸು ನೋಯಬಾರದೆಂದು ಅವಳು ಗಟ್ಟಿ ಜೇನನ್ನು ಬ್ರೆಡ್ಡಿಗೆ ಸವರಿಕೊಂಡಳು. ಚಾಕುವನ್ನು ಕರವಸ್ತ್ರದಲ್ಲಿ ಒರೆಸಿ ತಿಳಿಜೇನಿನ ಜಾಡಿಗೆ ಇಳಿಸಿದಳು. ಹೈರಿ ತಲೆ ಚಚ್ಚಿಕೊಂಡ.

"ಅಯ್ಯೋ ಅಮ್ಮ, ಕೆಡಿಸಿಬಿಟ್ಯಲ್ಲ. ಭಾನುವಾರದೊಳಗೆ ಜಾಡಿ ಪೂರಾ ಗಟ್ಟಿ ಕಟ್ಟುತ್ತೆ ನೋಡ್ತಿರು."

"ಒರೆಸಿದ್ನಲ್ಲ ಹೈರಿ."

"ಒರೆಸಿದ್ರೆ? ಕಣ್ಣಿಗೆ ಕಾಣದಷ್ಟು ಸಾಕು ಅದಕ್ಕೆ. ನಮ್ಮ ಅತ್ತಿಗೆ ಜೇನು ತುಂಬೋ ದಿನ ಹಳೇ ಜಾಡಿ ಮುಟ್ಟಿದವರನ್ನ ಆ ಕೋಣೆಗೇ ಬಿಡಲ್ಲ. ನನ್ನನ್ನೂ ಬಿಡಲ್ಲ. ಸ್ನಾನ ಮಾಡ್ಕೊಂಡು ಬಾ ಅಂತಾಳೆ."

ರೆಗೂಲಾ ಬ್ರೆಡ್ಡನ್ನು ಹಾಗೇ ಕೆಳಗಿಟ್ಟಳು.

ಒಂದು ಹರಳು ಹಾಕಿದರೆ ಉಳಿದದ್ದು ಅದರ ಹಿಂದೆ ಬರುತ್ತದೆ ಎಂಬುದು ರಸಾಯನ ಕಲಿಯುವ ಮೊದಲ ವರ್ಷದವರಿಗೂ ಗೊತ್ತು. ಅವಳಿಗೂ ನೀರು ಕುಡಿದಷ್ಟು ಪರಿಚಯದ ವಿಷಯ. ಬಿಸಿ ದ್ರಾವಣದಲ್ಲಿ ಆ ಇಬ್ಬರು ಕ್ಲೋರಿನ್‌ಗಳು ಕುರ್ಚಿ ಬದಲಿಸುತ್ತಲೇ ಇರುತ್ತಾರೆ, ಅಕ್ಕಪಕ್ಕ, ಎದುರುಬದುರು, ಮತ್ತೆ ಅಕ್ಕಪಕ್ಕ. ಆರುವಾಗ ಯಾವ ಹರಳು ಮೊದಲು ಕಟ್ಟುತ್ತದೋ ಮಿಕ್ಕವರೆಲ್ಲ ಅದರ ಹಾಗೇ ಕೂತುಬಿಡುತ್ತಾರೆ. ಏಪ್ರಿಲ್‌ನಲ್ಲಿ ಈ ಊರಿನಲ್ಲೇ ಹಸಿರಿನ ಒಂದು ಕಣ ಇರಲಿಲ್ಲ. ಮೇ ತಿಂಗಳಲ್ಲಿ ಅವಳೇ ಇಪ್ಪತ್ತು ಗ್ರಾಂ ಕುಟ್ಟಿ ಹಾರಿಸಿದ್ದಳು. ಅದು ಈಗ ಕಪಾಟಿನ ಮೇಲಿದೆ, ಕಿಟಕಿಯ ಸಂದಿಯಲ್ಲಿದೆ, ಏಪ್ರನ್ನಿನ ನೇಯ್ಗೆಯಲ್ಲಿದೆ, ಅವಳ ಜಡೆಯಲ್ಲಿದೆ. ಬೀಕರು ತೊಳೆದಳು, ಕಡ್ಡಿ ತೊಳೆದಳು, ಎಲ್ಲ ಸರಿ. ತಾನೇ ಆ ಒರೆಸಿದ ಚಾಕು ಎಂಬುದು ಮಾತ್ರ ಆರು ತಿಂಗಳು ಹೊಳೆಯಲಿಲ್ಲ.

ಅವಳು ಸಾಚಾ ಎಂದು ತೋರಿಸಲು ಹಾಕಿದ ಈ ಬೀಗವೇ ಅವಳನ್ನು ಸುಳ್ಳಿ ಮಾಡುತ್ತಿತ್ತು. ಈ ಕೋಣೆಯಲ್ಲಿ ನೂರು ವರ್ಷ ಕೂತರೂ ಹಸಿರೇ ಬರುತ್ತದೆ. ಹೊರಗೆ ಬೇರೆ ಕಡೆ ಹೋಗಿ ಮಾಡುತ್ತೇನೆಂದರೆ ಮೋಸಕ್ಕೆ ಜಾಗ ಹುಡುಕುತ್ತಿದ್ದಾಳೆ ಎನ್ನುತ್ತಾರೆ. ಹೋಗಲು ಬಿಟ್ಟರು ಅನ್ನೋಣ, ಅಲ್ಲಿಗೂ ಅವಳ ಜೊತೆಗೆ ಹಸಿರು ಹೋಗುತ್ತದೆ. ಯಾವ ಕಡೆ ತಿರುಗಿದರೂ ಗೋಡೆ.

"ಏನಾಯ್ತು?" ಎಂದ ಎಗ್ಲಿ.

ಅವಳು ಎಲ್ಲವನ್ನೂ ಹೇಳಿದಳು. ಅವನು ಕೇಳಿ, ಪತ್ರಿಕೆ ಮಡಚಿ, ಬಾಯ್ತುಂಬ ನಕ್ಕ.

"ಅಂದ್ರೆ ನೀವು ಇಲ್ಲದೇ ಇದ್ದಾಗ ಮಾತ್ರ ನಿಮ್ಮ ಪ್ರಯೋಗ ಆಗುತ್ತೆ. ಇದು ಚೆನ್ನಾಗಿದೆ. ಹಾಗಾದ್ರೆ ನಾನು ಮಾಡ್ತೀನಿ, ಕೊಡಿ."

"ನೀವು ಒಂಬತ್ತು ದಿನದಿಂದ ದಿನಾ ನನ್ನ ಬಟ್ಟಲಿಗೆ ಮೂಗು ಅದ್ದುತ್ತಾ ಇದೀರಿ. ನಿಮ್ಮ ಮೀಸೇಲಿ ನನಗಿಂತ ಜಾಸ್ತಿ ಇರುತ್ತೆ."

ಎಗ್ಲಿಯ ಕೈ ತಾನಾಗಿ ಮೀಸೆಗೆ ಹೋಯಿತು. ಆಮೇಲೆ ಆ ಕೈಯನ್ನು ನೋಡಿಕೊಂಡ. ನಗು ಅಲ್ಲಿಗೆ ನಿಂತಿತು.

"ಮತ್ತೆ ಯಾರು? ಹೈರಿ ದಿನಾ ಇಲ್ಲಿ ಗುಡಿಸ್ತಾನೆ. ಮೇಲಿನ ಹುಡುಗರೆಲ್ಲ ಬೇಸಿಗೇಲಿ ಇಲ್ಲಿಗೆ ಬಂದು ಹೋದವರೇ."

ರೆಗೂಲಾ ತಲೆ ಎತ್ತಿ ಚಾವಣಿಯ ಕಡೆ ನೋಡಿದಳು. ಈ ಕೋಣೆಗೆ ಬಾರದ ಮನುಷ್ಯ ಕಟ್ಟಡದಲ್ಲಿ ಒಬ್ಬರೇ ಇದ್ದರು. ಮಂಡಿ ಕೆಟ್ಟ ಮೇಲೆ ಆರು ವರ್ಷದಿಂದ ಅವರು ಈ ಮೆಟ್ಟಿಲು ಇಳಿದಿರಲಿಲ್ಲ. ಅವರ ಮಾತು ನಂಬದ ರಸಾಯನಜ್ಞ ಯೂರೋಪಿನಲ್ಲಿ ಇರಲಿಲ್ಲ. ಸುಂಡೀನ್ ಕೂಡ ಅವರನ್ನು ಮೊಂಡ ಎಂದಿದ್ದರೇ ಹೊರತು ಸುಳ್ಳುಗಾರ ಎಂದಿರಲಿಲ್ಲ.

ಹನ್ನೆರಡಕ್ಕೆ ಊರುಗೋಲು ಎರಡು ಸಲ ಕುಟ್ಟಿತು. "ಯಾವ ಬಣ್ಣ?"

"ಹಸಿರು!" ಎಂದು ರೆಗೂಲಾಳೇ ಕೂಗಿದಳು. "ಹೆರ್ ಪ್ರೊಫೆಸರ್, ಬಾಗಿಲು ತೆಗೆಯೋ ಹಾಗಿಲ್ಲ. ದಯವಿಟ್ಟು ಬೀದಿಗೆ ಬನ್ನಿ, ಕಿಟಕಿ ಹತ್ರ. ಕಾರಣ ಅಲ್ಲಿ ಹೇಳ್ತೀನಿ."

ಮೇಲೆ ಊರುಗೋಲಿನ ಸದ್ದು ಹೊರಬಾಗಿಲ ಕಡೆ ಹೋಯಿತು. ಆಮೇಲೆ ಸರಳಿನ ಆಚೆ ಊರುಗೋಲಿನ ತುದಿ ಕಾಣಿಸಿತು, ಅದರ ಪಕ್ಕ ಅವಳು ಎಂದೂ ಈ ಕೋನದಿಂದ ನೋಡದ ದೊಡ್ಡ ಕಪ್ಪು ಬೂಟು. ಪ್ರೊಫೆಸರ್ ನರಳುತ್ತ ಬಗ್ಗಿದರು. ಗಾಜಿನ ತುಂಬ ಅವರ ಬಿಳಿ ಗಡ್ಡವೇ ಆಯಿತು. ತೆಂಕಣ ಬಿಸಿಗಾಳಿ ಎದ್ದಿದ್ದ ದಿನ, ಅವಳು ಗಂಟಲು ಹರಿಯುವಂತೆ ಕೂಗಿ ಹೇಳಬೇಕಾಯಿತು. ಜೇನಿನಿಂದ ಮೊದಲುಮಾಡಿ ಕುಟ್ಟಾಣಿಯವರೆಗೆ ಎಲ್ಲ ಹೇಳಿದಳು. ಬ್ರೆಡ್ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು ಕೇಳತೊಡಗಿದಳು.

"ನೀವೇ ಮಾಡ್ಬೇಕು," ಎಂದಳು ರೆಗೂಲಾ. "ನಿಮ್ಮ ಮನೆ ಅಡುಗೆಕೋಣೇಲಿ. ನಿಮ್ಮ ಆಫೀಸು ಬೇಡ, ನಾನು ಅಲ್ಲಿಗೆ ಬರ್ತಾ ಇದ್ದೆ. ಅಂಗಡಿಯಿಂದ ಹೊಸ ಬಟ್ಟಲು, ಹೊಸ ಕಡ್ಡಿ, ಮೊಹರು ಒಡೆಯದ ಸೀಸೆಗಳು. ನಾನು ಬರೆದ ಕಾಗದಾನೂ ಮುಟ್ಟಬೇಡಿ. ನಾನು ಹೇಳ್ತೀನಿ, ನೀವು ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ."

ಗಡ್ಡ ಗಾಜಿಗೆ ಇನ್ನಷ್ಟು ಒತ್ತಿಕೊಂಡಿತು. ಆಮೇಲೆ ಅದರ ಹಿಂದಿನಿಂದ ಅವಳು ಎಂದೂ ಕೇಳದಂಥ ಸಣ್ಣ ದನಿ ಬಂತು.

"ನಾನು ಬೀಕರು ಹಿಡಿದು ಎಂಟು ವರ್ಷ ಆಯ್ತು, ಟ್ಸೋಲಿಂಗರ್. ಕೈ ನಡುಗುತ್ತೆ."

"ನಡುಗಿದ್ರೆ ನಡುಗ್ಲಿ. ಕೈಗೆ ಹಸಿರು ಅಂಟಿಲ್ಲ, ಅಷ್ಟು ಸಾಕು."

"ಇದೊಂದು ಆಟ ಇರಬಹುದು ಹೆರ್ ಪ್ರೊಫೆಸರ್," ಎಂದು ಹಿಂದಿನಿಂದ ಎಗ್ಲಿ ಕೂಗಿದ. "ನಾಳೆ ನಿಮಗೂ ಹಸಿರೇ ಬಂದ್ರೆ, ಪ್ರೊಫೆಸರ್ ಕೈ ನಡುಗಿತು ಅಂತ ಇವರು ತಪ್ಪನ್ನ ನಿಮ್ಮ ಮೇಲೇ ಹಾಕಬಹುದು."

"ನಾಳೆ ಹಸಿರು ಬಂದ್ರೆ ಶುಕ್ರವಾರ ನನ್ನ ಹೆಸರು ಹೇಳಿ," ಎಂದಳು ರೆಗೂಲಾ. "ಸುಳ್ಳು ಹೇಳಿದ್ಲು ಅಂತಾನೇ ಹೇಳಿ. ನಾನು ಬಾಯಿ ಬಿಡಲ್ಲ."

ಪ್ರೊಫೆಸರ್ ಜೇಬಿನಿಂದ ಪುಸ್ತಕ ತೆಗೆದರು. ಅವಳು ಒಂದೊಂದೇ ಸಾಲು ಹೇಳಿದಳು: ಎಷ್ಟು ಕೋಬಾಲ್ಟ್, ಎಷ್ಟು ಆಮ್ಲ, ಯಾವಾಗ ಬೆಂಕಿ ಇಳಿಸಬೇಕು, ಹರಳು ಬರದಿದ್ದರೆ ಎಷ್ಟು ಹೊತ್ತು ಸುಮ್ಮನಿರಬೇಕು. ಕೊನೆಗೆ ಸ್ವಲ್ಪ ತಡೆದು ಹೇಳಿದಳು.

"ಕೋಟು ಬದಲಾಯಿಸಿ. ಮತ್ತೆ, ಹೆರ್ ಪ್ರೊಫೆಸರ್, ಗಡ್ಡ ತೊಳ್ಕೊಳ್ಳಿ. ಸೋಪು ಹಾಕಿ."

ಬ್ರೆಡ್ಡಿನ ಹೆಂಗಸು ನಗು ತಡೆಯಲಾರದೆ ಬುಟ್ಟಿ ಎತ್ತಿಕೊಂಡು ಹೊರಟಳು.

"ನಾಳೆ ನೀವಿಬ್ಬರೂ ಈ ಕೋಣೆ ಬಿಡೋ ಹಾಗಿಲ್ಲ," ಎಂದರು ಪ್ರೊಫೆಸರ್ ನೆಟ್ಟಗಾಗುತ್ತ. "ಟ್ಸೋಲಿಂಗರ್ ಹೊರಗೆ ಬಂದ್ರೆ ಮೋಸ ಅಂತಾರೆ, ಅದು ಎಗ್ಲಿಗೆ ಗೊತ್ತು. ಎಗ್ಲಿ ಬಂದ್ರೆ ಮೀಸೆ ಜೊತೆ ಹಸಿರು ಬರುತ್ತೆ, ಅದು ಟ್ಸೋಲಿಂಗರ್‌ಗೆ ಗೊತ್ತು. ನಾನು ಹೇಳಿ ಕಳಿಸೋ ತನಕ ಬೀಗ ತೆಗೀಬೇಡಿ."

ಗುರುವಾರ ಬೆಳಿಗ್ಗೆ ಏಳಕ್ಕೇ ಇಬ್ಬರೂ ಒಳಗೆ ಸೇರಿದರು. ಮಾಡಲು ಕೆಲಸವಿಲ್ಲದೆ ಆ ಕೋಣೆಯಲ್ಲಿ ಕೂತಿರುವುದು ಎಷ್ಟು ಕಷ್ಟ ಎಂಬುದು ರೆಗೂಲಾಳಿಗೆ ಅಂದೇ ಗೊತ್ತಾದದ್ದು. ಅವಳ ಕೈಗೆ ಆರು ತಿಂಗಳಿಂದ ಬಿಡುವೇ ಇರಲಿಲ್ಲ. ಈಗ ಬಟ್ಟಲು ಒಣಗಿ ಬೋರಲು ಬಿದ್ದಿತ್ತು, ಮುಟ್ಟುವುದಕ್ಕೂ ಮನಸ್ಸಿಲ್ಲ. ಎದ್ದು ಕಿಟಕಿಯವರೆಗೆ ಐದು ಹೆಜ್ಜೆ, ವಾಪಸ್ ಐದು ಹೆಜ್ಜೆ. ಎಂಟಕ್ಕೆ ಕೋಬಾಲ್ಟ್ ಕರಗಿರುತ್ತದೆ. ಒಂಬತ್ತಕ್ಕೆ ಅಮೋನಿಯದ ವಾಸನೆಗೆ ಪ್ರೊಫೆಸರರ ಹೆಂಡತಿ ಬೈಯುತ್ತಿರುತ್ತಾರೆ. ಹತ್ತಕ್ಕೆ ಬೆಂಕಿ ಇಳಿಸಬೇಕು. ಇಳಿಸಿದರೋ ಇಲ್ಲವೋ? ಎರಡು ನಿಮಿಷ ಹೆಚ್ಚಾದರೆ ಕಂದುಗಟ್ಟಿ ಎಲ್ಲ ಹಾಳು. ಅವಳ ಹೆಸರು, ಅವಳ ಮೂರು ವರ್ಷ ಅಷ್ಟೂ ಬೆಟ್ಟದ ಮೇಲೆ ಪ್ರೊಫೆಸರರ ಮನೆಯ ಅಡುಗೆಕೋಣೆಯಲ್ಲಿ ನಡುಗುವ ಎರಡು ಕೈಗಳ ನಡುವೆ ಇತ್ತು. ಆ ಕೈ ಹಿಡಿದು ತೋರಿಸಲೂ ಅವಳು ಹೋಗುವಂತಿರಲಿಲ್ಲ.

"ಕೂತ್ಕೊಳ್ಳಿ," ಎಂದ ಎಗ್ಲಿ. "ನೀವು ನಡೆದಷ್ಟೂ ಧೂಳು ಏಳುತ್ತೆ. ನನ್ನ ಹೊಸ ಕೋಟು."

"ಆ ಕೋಟು ಇನ್ನು ಈ ಕೋಣೇದೇ."

ಎಗ್ಲಿ ಕೋಟಿನ ತೋಳು ಕೊಡವಿಕೊಂಡ. ಹೈರಿ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋದ ಸದ್ದಾಯಿತು. ಬೀಗ ತೆಗೆಯುವಂತಿಲ್ಲವಲ್ಲ, ಇಬ್ಬರೂ ಅದರ ವಾಸನೆಯನ್ನಷ್ಟೇ ಕುಡಿದರು. ಗಿಣ್ಣು ಹಾಕಿದ ಆಲೂಗಡ್ಡೆ.

"ಒಂದು ಮಾತು ಕೇಳ್ಲಾ?" ಎಂದ ಎಗ್ಲಿ. "ಹೇಗಿತ್ತು ಅದು? ಆವತ್ತು?"

ಆರು ತಿಂಗಳಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಎಲ್ಲಿದೆ, ಎಷ್ಟಿತ್ತು, ಯಾರು ನೋಡಿದರು ಎಂದು ಕೇಳಿದ್ದರು.

"ಕೊಳ್ಳೀ ತುದೀಲಿ ಜ್ವಾಲೆ ನೋಡಿದೀರಲ್ಲ, ಅದರ ಬುಡದಲ್ಲಿ ಒಂದು ಬಣ್ಣ ಇರುತ್ತೆ, ಹಾಗೆ. ಬಟ್ಟಲು ಅಲ್ಲಾಡಿಸಿದ್ರೆ ರೇಷ್ಮೆ ಎಳೆ ಥರ ಮಿಂಚೋದು. ನಮ್ಮಪ್ಪ ಅಂಥದ್ದನ್ನ ಯಾವತ್ತೂ ಮಾಡಕ್ಕಾಗಿಲ್ಲ. ತೋರಿಸ್ಬೇಕು ಅಂದ್ಕೊಂಡಿದ್ದೆ."

ಎಗ್ಲಿ ತಲೆ ತಗ್ಗಿಸಿದ. ಅವನು ಅವಳನ್ನು ನಂಬಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆದರೆ ಆಮೇಲೆ ಅವನು ಫ್ರಾಯ್ಲೈನ್ ಎನ್ನುವಾಗ ಮೊದಲಿನ ಕೊಂಕು ಇರಲಿಲ್ಲ.

ಹನ್ನೆರಡಾಯಿತು. ಊರುಗೋಲು ಕುಟ್ಟಲಿಲ್ಲ. ಒಂದಾಯಿತು, ಎರಡಾಯಿತು. ಕಿಟಕಿಯಲ್ಲಿ ಬೂಟುಗಳು ಹೋದವು ಬಂದವು, ಅವಳು ಕಾಯುತ್ತಿದ್ದ ಬೂಟು ಮಾತ್ರ ಇಲ್ಲ. ಮೂರರ ಹೊತ್ತಿಗೆ ಅವಳು ಆಸೆ ಬಿಟ್ಟ ಹಾಗೇ ಆಯಿತು. ಹಸಿರು ಬಂದಿದೆ, ಹೇಳಿ ಕಳಿಸಲು ಅವರಿಗೆ ನಾಚಿಕೆ ಎಂದು ಖಂಡಿತ ಮಾಡಿಕೊಂಡಳು. ನಾಳೆ ಸಭೆ ಮುಗಿಯುವುದರೊಳಗೆ ಟಾಲ್ವಿಲ್‌ಗೆ ಹೋಗಿಬಿಡಬೇಕು. ಅಪ್ಪ ಏನೂ ಕೇಳುವುದಿಲ್ಲ. ಆ ಕೇಳದಿರುವುದನ್ನು ಹೇಗೆ ಸಹಿಸುವುದೋ ಅದೇ ಭಯ.

ಮೂರೂವರೆಗೆ ಸರಳಿನ ಆಚೆ ಆ ಕಪ್ಪು ಬೂಟು ಓಡುತ್ತ ಹೋಯಿತು. ಓಡುತ್ತ ಎಂದರೆ ಓಡುತ್ತಲೇ, ಮಂಡಿ ಕೆಟ್ಟ ಮನುಷ್ಯ ಎಷ್ಟು ಓಡಬಲ್ಲನೋ ಅಷ್ಟು. ಬೂಟಿನ ಮೇಲೆ ಹೆಂಗಸರ ಅಡುಗೆಯ ಏಪ್ರನ್ನಿನ ಅಂಚು ಹಾರಾಡುತ್ತಿತ್ತು.

"ಬಂದ್ರು!" ಎಂದು ಎಗ್ಲಿ ಎದ್ದ.

ಊರುಗೋಲು ಕಟ್ಟಡದೊಳಗೆ ಬಂತು. ಮೆಟ್ಟಿಲ ತುದಿಯಲ್ಲಿ ಅದು ಎರಡು ಸಲ ಕುಟ್ಟಲಿಲ್ಲ. ಒಂದು ಸಲ ಕುಟ್ಟಿತು, ಸ್ವಲ್ಪ ತಡೆದು ಮತ್ತೊಂದು ಸಲ ಕುಟ್ಟಿತು, ಈ ಸಲ ಒಂದು ಮೆಟ್ಟಿಲು ಕೆಳಗೆ. ಅವರು ಇಳಿಯುತ್ತಿದ್ದರು. ಆರು ವರ್ಷದಿಂದ ಇಳಿಯದ ಮೆಟ್ಟಿಲನ್ನು ಇಳಿಯುತ್ತಿದ್ದರು. ಊರುಗೋಲಿನ ಜೊತೆಗೆ ಇನ್ನೊಂದು ಸದ್ದೂ ಇತ್ತು: ಪಿಂಗಾಣಿಯ ಮುಚ್ಚಳ ಪಿಂಗಾಣಿಯ ಅಂಚಿಗೆ ತಾಗುವ ಕಿಣಿಕಿಣಿ. ಅದರ ಕೆಳಗೆ ನೀರು ತುಳುಕುವ ಸದ್ದು.

ರೆಗೂಲಾ ಆ ಸದ್ದಿಗೆ ಕಿವಿಗೊಟ್ಟಳು. ಅವರು ಸೋಸಿಲ್ಲ, ಒಣಗಿಸಿಲ್ಲ. ಹರಳು ಇನ್ನೂ ದ್ರಾವಣದಲ್ಲೇ ಇದೆ. ತೋರಿಸುವ ಸಂಭ್ರಮದಲ್ಲಿ ಬಟ್ಟಲನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು ಟ್ರಾಮಿನಲ್ಲಿ ಬಂದಿದ್ದಾರೆ. ಎಷ್ಟು ದೊಡ್ಡ ವಿದ್ವಾಂಸರಾದರೇನು, ಹರಳು ಕಂಡರೆ ಮಗುವೇ. ಈ ಬಾಗಿಲು ತೆಗೆದರೆ, ಮುಚ್ಚಳ ಎತ್ತಿದರೆ, ಕಣ್ಣಿಗೆ ಕಾಣದ ಒಂದು ಕಣ ಅದರಲ್ಲಿ ಬಿದ್ದರೆ ಸಾಕು. ನಾಳೆ ಸಭೆಗೆ ಹೋಗುವುದು ಹಸಿರು.

ಎಗ್ಲಿ ಆಗಲೇ ಜೇಬಿನಿಂದ ಕೀಲಿ ತೆಗೆದು ಬೀಗಕ್ಕೆ ಹಾಕಿದ್ದ. ಅವಳು ಹಾರಿ ಅವನ ಕೈ ಹಿಡಿದಳು.

"ಕೊಡಿ ಇಲ್ಲಿ."

"ಪ್ರೊಫೆಸರ್ ಬಂದಿದಾರೆ ಫ್ರಾಯ್ಲೈನ್—"

"ಕೀಲಿ ಕೊಡಿ ಎಗ್ಲಿ."

ಅವಳ ಮುಖದಲ್ಲಿ ಅವನು ಏನು ಕಂಡನೋ, ಕೊಟ್ಟುಬಿಟ್ಟ. ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಇಪ್ಪತ್ತೆರಡು. ಇಪ್ಪತ್ತಮೂರು. ಹಲಗೆಯ ಆಚೆ ಮುದುಕನ ಏದುಸಿರು ಅವಳ ಭುಜದ ಹತ್ತಿರವೇ ಕೇಳಿಸುತ್ತಿತ್ತು.

"ತೆಗೀರಿ, ಟ್ಸೋಲಿಂಗರ್. ನಾನೇ ಬಂದಿದೀನಿ."

ಅವಳು ಒಮ್ಮೆ ಕಣ್ಣು ಮುಚ್ಚಿಕೊಂಡಳು.

"ಯಾವ ಬಣ್ಣ?" ಎಂದು ಕೇಳಿದಳು.

ಆಚೆ ಏದುಸಿರು ನಿಂತಿತು. ಆ ಪ್ರಶ್ನೆಯನ್ನು ಈ ಕಡೆಯಿಂದ ಕೇಳಿದರೆ ಹೇಗಿರುತ್ತದೆಂದು ಅವರಿಗೂ ಆಗ ಅನ್ನಿಸಿರಬೇಕು.

"ನೇರಳೆ," ಎಂದರು ಅವರು. "ಸೂಜಿ ಸೂಜಿ. ನೀವು ಬರೆದ ಹಾಗೇ ಇದೆ. ನಾನು, ನಾನು ನಿಮ್ಮನ್ನ..."

"ಹಾಗಾದ್ರೆ ಅದನ್ನ ತಗೊಂಡು ವಾಪಸ್ ಹೋಗಿ, ಹೆರ್ ಪ್ರೊಫೆಸರ್. ಮುಚ್ಚಳ ತೆಗೀಬೇಡಿ. ಮನೇಲೇ ಸೋಸಿ, ಮನೇಲೇ ಒಣಗಿಸಿ, ಸೀಸೇಲಿ ಹಾಕಿ ಮೊಹರು ಮಾಡಿ. ಅಲ್ಲೀತನಕ ನಾನು ಬಾಗಿಲು ತೆಗೆಯಲ್ಲ."

"ಆರು ವರ್ಷ ಆದ್ಮೇಲೆ ಇಳಿದಿದೀನಿ."

"ಗೊತ್ತು. ನಿಧಾನ ಹತ್ತಿ."

"ಒಂದೇ ಒಂದು ಸಲ ನೋಡಲ್ವಾ?" ಮುದುಕ ಗೋಗರೆಯುತ್ತಿದ್ದರು. "ನಿಮ್ಮದು ಇದು. ನೀವು ನೋಡ್ಬೇಡ್ವಾ?"

ರೆಗೂಲಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಏಪ್ರನ್ನು ಎತ್ತಿದವಳು ಹಾಗೇ ಕೈ ಬಿಟ್ಟಳು.

"ನೋಡಿದೀನಿ ಹೆರ್ ಪ್ರೊಫೆಸರ್," ಎಂದಳು. "ಏಪ್ರಿಲ್‌ನಲ್ಲೇ ನೋಡಿದೀನಿ."

ಆಮೇಲೆ ಊರುಗೋಲು ಮೇಲಿನ ಮೆಟ್ಟಿಲಿಗೆ ತಾಗಿತು. ಮುಚ್ಚಳ ಕಿಣಿಕಿಣಿ ಎನ್ನುತ್ತ ಹತ್ತತೊಡಗಿತು. ರೆಗೂಲಾ ಬಾಗಿಲಿಗೆ ಒರಗಿ ಒಂದೊಂದೇ ಮೆಟ್ಟಿಲು ಎಣಿಸಿದಳು. ಇಪ್ಪತ್ತಮೂರು ಮುಗಿದ ಮೇಲೂ ಕೀಲಿ ಅವಳ ಮುಷ್ಟಿಯಲ್ಲೇ ಇತ್ತು.